ಸೊಕ್ಕಿದ್ದವರು ಯಾಣಕ್ಕೆ, ಹಗ್ಗ ಇದ್ದವರು ಹೊಂಡಕ್ಕೆ!

ಉತ್ತರ ಕನ್ನಡದ ಕಡೆ ಒಂದು ಗಾದೆಯಿದೆ: ‘ಸೊಕ್ಕಿದ್ದವನು ಯಾಣಕ್ಕೆ, ರೊಕ್ಕ ಇದ್ದವನು ಗೋಕರ್ಣಕ್ಕೆ’. ಗೋಕರ್ಣಕ್ಕೆ ಹೋಗಲು ಕೈಯಲ್ಲಿ ಕಾಸಿರಬೇಕು, ಯಾಣಕ್ಕೆ ಹೋಗಲು ಮೈಯಲ್ಲಿ ಕಸುವಿರಬೇಕು ಎಂಬುದು ಅದರ ತಿರುಳು. ರಸ್ತೆಯೇ ಇಲ್ಲದ ಕಾಲದಲ್ಲಿ ದಟ್ಟ ಕಾಡಿನೊಳಗೆ ಮೈಲುಗಟ್ಟಲೆ ನಡೆದು ಯಾಣ ತಲುಪಬೇಕಿತ್ತಂತೆ. ಈಗ ಬಂಡೆಗಳ ಹತ್ತಿರದವರೆಗೂ ವಾಹನ ಹೋಗುತ್ತದೆ. ಹಾಗಾಗಿ ಸೊಕ್ಕಿಲ್ಲದವರೂ ಹೋಗಬಹುದು, ರೊಕ್ಕ ಇಲ್ಲದವರೂ ಹೋಗಬಹುದು. ಎರಡೂ ಅಷ್ಟಕ್ಕಷ್ಟೇ ಇರುವ ನಾವು ಐದು ಜನ ಹೋಗಿ ಬಂದದ್ದೇ ಇದಕ್ಕೆ ಸಾಕ್ಷಿ.

ನಾವು ಅಂದರೆ ಹುಬ್ಬಳ್ಳಿಯಲ್ಲಿ ಬಿ.ಇ. ಓದುತ್ತಿರುವ, ಒಂದೇ ಹಾಸ್ಟೆಲ್‌ನ, ಒಂದೇ ಮಹಡಿಯ ಹುಡುಗರು. ಹಾಸ್ಟೆಲ್‌ನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿಗೆ ಬೆಲೆ ಇಲ್ಲ, ಊರೇ ಹೆಸರು. ಹಾಗಾಗಿ ನಮ್ಮ ಗುಂಪಿನಲ್ಲಿ ಇರುವವರು ಗದಗ, ಮಂಡ್ಯ, ರಾಯಚೂರು, ಶಿರಸಿ ಮತ್ತು ನಾನು, ದುರ್ಗ. ಗದಗ ಮೆಕ್ಯಾನಿಕಲ್, ಮಂಡ್ಯ ಮತ್ತು ಶಿರಸಿ ಕಂಪ್ಯೂಟರ್ ಸೈನ್ಸ್, ರಾಯಚೂರು ಎಲೆಕ್ಟ್ರಾನಿಕ್ಸ್, ನಾನು ಸಿವಿಲ್. ಐದನೇ ಸೆಮಿಸ್ಟರ್. ಎರಡನೇ ಇಂಟರ್ನಲ್ಸ್ ಮುಗಿದಿತ್ತು. ಫೈನಲ್ ಪರೀಕ್ಷೆ ಇನ್ನೂ ದೂರವಿತ್ತು. ಪ್ಲೇಸ್‌ಮೆಂಟ್ ಎಂಬ ಭೂತ ಬಾಗಿಲ ಹೊರಗೆ ನಿಂತಿತ್ತಾದರೂ ಒಳಗೆ ಬಂದಿರಲಿಲ್ಲ. ಇಂಥ ಹೊತ್ತು ಬಿ.ಇ. ಹುಡುಗರಿಗೆ ವರ್ಷದಲ್ಲಿ ಎರಡೇ ಬಾರಿ ಸಿಗುವುದು.

ಮೆಸ್ಸಿನಲ್ಲಿ ಒಂದು ರಾತ್ರಿ ಶಿರಸಿ ಹೇಳಿದ, ‘ನಮ್ಮ ದೊಡ್ಡಪ್ಪನ ಮನೆ ಇದ್ದು, ಉಳಿಯಕ್ಕೆ ದುಡ್ಡಿಲ್ಲ, ಊಟಕ್ಕೆ ದುಡ್ಡಿಲ್ಲ. ಶನಿವಾರ ಯಾಣ, ಭಾನುವಾರ ವಿಭೂತಿ ಜಲಪಾತ. ಬಸ್ಸು ಮತ್ತೆ ಒಂದು ಓಮ್ನಿ ಬಾಡಿಗೆ ಅಷ್ಟೇ.’ ಊಟಕ್ಕೆ ದುಡ್ಡಿಲ್ಲ ಎಂದ ಕೂಡಲೇ ಗದಗ ಎದ್ದು ನಿಂತ. ಯೋಜನೆ ಪಾಸಾಯಿತು.

<b>ಕಪ್ಪು ಬಂಡೆಯ ಬಿಳಿ ಗುಟ್ಟು</b>

ನವೆಂಬರ್‌ನ ಶನಿವಾರ ನಸುಕಿನಲ್ಲೇ ಹುಬ್ಬಳ್ಳಿಯಿಂದ ಶಿರಸಿ ಬಸ್ಸು ಹಿಡಿದೆವು. ಸುಮಾರು 100 ಕಿ.ಮೀ. ದಾರಿ. ಮುಂಡಗೋಡ ದಾಟುವ ಹೊತ್ತಿಗೆ ಬಯಲು ಸೀಮೆ ಮೆಲ್ಲಗೆ ಹಿಂದೆ ಸರಿದು ಕಾಡು ಶುರುವಾಯಿತು. ಶಿರಸಿಯ ಆಚೆ ಅಡಿಕೆ ತೋಟದ ನಡುವೆ ಇರುವ ದೊಡ್ಡಪ್ಪನ ಮನೆ ಮುಟ್ಟಿದಾಗ ದೊಡ್ಡಮ್ಮ ಬಾಗಿಲಲ್ಲೇ ಕೇಳಿದ್ದು, ‘ಆಸರಿಗೆ ಎಂತ ಬೇಕು?’ ಮಂಡ್ಯ ನನ್ನ ಕಿವಿಯಲ್ಲಿ ‘ಏನ್ಲಾ ಆಸರಿ ಅಂದ್ರೆ?’ ಅಂದ. ಕುಡಿಯಲು ಏನು ಬೇಕು ಎಂದು ಅರ್ಥ ಎಂದು ತಿಳಿಯುವಷ್ಟರಲ್ಲಿ ಬೆಲ್ಲ, ನೀರು, ಮಜ್ಜಿಗೆ ಎಲ್ಲವೂ ಮುಂದೆ ಬಂದಿದ್ದವು. ಹಿಂದೆಯೇ ಬಾಳೆಎಲೆಯಲ್ಲಿ ತೆಳ್ಳೇವು. ಗದಗ ಎಷ್ಟು ತಿಂದ ಎಂದು ಇಲ್ಲಿ ಬರೆಯುವುದು ಬೇಡ, ಅವನ ಮನೆಯವರೂ ಈ ಪುಟ ಓದುತ್ತಾರೆ.

ಅಲ್ಲಿಂದ ಪಕ್ಕದ ಮನೆಯವರ ಓಮ್ನಿಯಲ್ಲಿ ಯಾಣ. ಯಾಣ ಇರುವುದು ಕುಮಟಾ ತಾಲ್ಲೂಕಿನಲ್ಲಿ. ಶಿರಸಿಯಿಂದ ಸುಮಾರು 40 ಕಿ.ಮೀ., ಕುಮಟಾದಿಂದ ಸುಮಾರು 30. ವಾಹನ ನಿಲ್ಲಿಸಿ, ಹಳ್ಳದ ಸದ್ದು ಕೇಳುತ್ತಾ ಕಾಡಿನ ದಾರಿಯಲ್ಲಿ ನಡೆಯಬೇಕು. ಆಮೇಲೆ ಮೆಟ್ಟಿಲು. ಎರಡು ತಿರುವು ಆದ ಮೇಲೆ ಮರಗಳ ಮಧ್ಯೆ ಇದ್ದಕ್ಕಿದ್ದಂತೆ ಒಂದು ಕಪ್ಪು ಗೋಡೆ. ತಲೆ ಎತ್ತಿದಷ್ಟೂ ಮೇಲಕ್ಕೆ ಹೋಗುತ್ತಲೇ ಇದೆ.

ಅದು ಭೈರವೇಶ್ವರ ಶಿಖರ, ಎತ್ತರ 120 ಮೀಟರ್. ಪಕ್ಕದ ಮೋಹಿನಿ ಶಿಖರ 90 ಮೀಟರ್. ಸಿವಿಲ್ ವಿದ್ಯಾರ್ಥಿಗೆ ಎತ್ತರ ಎಂದರೆ ಮಹಡಿಗಳ ಲೆಕ್ಕ. ಮಹಡಿಗೆ ಮೂರು ಮೀಟರ್ ಹಿಡಿದರೆ ಭೈರವೇಶ್ವರನದು 40 ಮಹಡಿ. ಅಡಿಪಾಯದ ಡ್ರಾಯಿಂಗ್ ಇಲ್ಲ, ಕಂಬಿ ಇಲ್ಲ, ಸಿಮೆಂಟ್ ಇಲ್ಲ. ನಿಂತಿದೆ.

ನಾನು ಚಿತ್ರದುರ್ಗದವನು. ಬಂಡೆ ನನಗೆ ಹೊಸದಲ್ಲ. ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿ ಬೆಳೆದವನು. ಆದರೆ ನಮ್ಮ ದುರ್ಗದ ಬಂಡೆಗಳು ದುಂಡಗೆ, ಬೋಳು ತಲೆಯ ಅಜ್ಜಂದಿರು ಬಿಸಿಲಿಗೆ ಕುಳಿತಂತೆ ಇರುತ್ತವೆ. ಯಾಣದವು ಹಾಗಲ್ಲ. ಚೂಪು, ಕೊರಕಲು, ಮೈಯೆಲ್ಲ ಸೀಳು. ಕಾರಣ ಕಲ್ಲಿನ ಜಾತಿಯೇ ಬೇರೆ. ದುರ್ಗದ್ದು ಗ್ರಾನೈಟ್, ಯಾಣದ್ದು ಸುಣ್ಣದ ಕಲ್ಲು. ಹೊರಗೆ ಇದ್ದಿಲಿನಂತೆ ಕಪ್ಪಗಿದ್ದರೂ ಒಳಗಿನ ಗುಣ ಸುಣ್ಣದ್ದೇ.

ಭೂವಿಜ್ಞಾನದ ಪಠ್ಯದಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದು ಇಲ್ಲಿ ಕಣ್ಣೆದುರು ನಿಂತಿತ್ತು. ಮಳೆನೀರು ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಬೆರೆತು ತೀರಾ ಸೌಮ್ಯವಾದ ಕಾರ್ಬೊನಿಕ್ ಆಮ್ಲವಾಗುತ್ತದೆ. ಕೊಳೆತ ಎಲೆಗಳ ಮಣ್ಣಿನಲ್ಲಿ ಇಳಿಯುವಾಗ ಇನ್ನಷ್ಟು ಬೆರೆಯುತ್ತದೆ. ಸೋಡಾ ಬಾಟಲಿಯಲ್ಲಿ ಇರುವುದೂ ಅದೇ ಆಮ್ಲ. ಅದು ಸುಣ್ಣದ ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟನ್ನು ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಮಾಡಿ ತನ್ನ ಜೊತೆ ಒಯ್ಯುತ್ತದೆ. ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಸೀಳು, ಆಮೇಲೆ ಗುಹೆ. ಒಂದು ಮಳೆಗಾಲದಲ್ಲಿ ಕಣ್ಣಿಗೆ ಕಾಣುವಷ್ಟು ಏನೂ ಆಗುವುದಿಲ್ಲ. ಲೆಕ್ಕವಿಲ್ಲದಷ್ಟು ಮಳೆಗಾಲಗಳು ಸೇರಿದರೆ ಯಾಣ ಆಗುತ್ತದೆ.

ಜನ ಹೇಳುವ ಕತೆ ಬೇರೆ. ಶಿವನಿಂದ ಉರಿಹಸ್ತದ ವರ ಪಡೆದ ಭಸ್ಮಾಸುರ ಶಿವನ ತಲೆಯ ಮೇಲೇ ಕೈ ಇಡಲು ಹೊರಟ. ವಿಷ್ಣು ಮೋಹಿನಿಯಾಗಿ ಬಂದು ಕುಣಿಸಿ, ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ. ಸುಟ್ಟು ಬೂದಿಯಾದ ಜಾಗ ಇದು, ಅದಕ್ಕೇ ಬಂಡೆ, ಮಣ್ಣು ಎಲ್ಲ ಕಪ್ಪು ಎನ್ನುತ್ತಾರೆ. ‘ಎಲ್ಲಿಲ್ಲದ ಪವರ್ ಸಿಕ್ಕಿದ ಮೇಲೆ ಮೊದಲು ಟೆಸ್ಟ್ ಮಾಡಾಕ ಹೋಗಿ ಸತ್ತ ನೋಡಲೇ’ ಎಂದ ಗದಗ. ಆ ಮಾತಿಗೆ ಅಲ್ಲಿ ಎಲ್ಲರೂ ನಕ್ಕೆವು. ಮರುದಿನ ಅದು ಇನ್ನೊಂದು ಅರ್ಥದಲ್ಲಿ ನೆನಪಾಯಿತು.

<b>ಗುಹೆಯೊಳಗೆ ಐದು ಜನ</b>

ಭೈರವೇಶ್ವರ ಶಿಖರದ ಬುಡದಲ್ಲೇ ಗುಡಿ. ಸ್ವಯಂಭೂ ಲಿಂಗದ ಮೇಲೆ ಬಂಡೆಯಿಂದ ನೀರು ಜಿನುಗುತ್ತಲೇ ಇರುತ್ತದೆ. ಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ. ಗುಡಿಯ ಬಳಿ ಚಪ್ಪಲಿ ಬಿಟ್ಟು, ಬಂಡೆಯ ಹೊಟ್ಟೆಯೊಳಗೇ ಪ್ರದಕ್ಷಿಣೆ ಹಾಕಬಹುದು. ಬರಿಗಾಲಿಗೆ ತಣ್ಣನೆ ಕಲ್ಲು. ಎರಡು ಹೆಜ್ಜೆ ಒಳಗಿಟ್ಟರೆ ಹೊರಗಿನ ಸೆಕೆ ಮಾಯ. ಮೇಲೆ ನೋಡಿದರೆ ಎರಡು ಗೋಡೆಗಳ ನಡುವೆ ಪಟ್ಟಿಯಷ್ಟೇ ಅಗಲದ ಆಕಾಶ. ಅಲ್ಲಿಂದ ಇಳಿದ ಬೆಳಕು ನಡುದಾರಿಯಲ್ಲೇ ಸುಸ್ತಾಗಿ ನೆಲಕ್ಕೆ ಅರ್ಧ ಮಾತ್ರ ತಲುಪುತ್ತಿತ್ತು. ಕತ್ತಲ ಮೂಲೆಗಳಲ್ಲಿ ಬಾವಲಿಗಳ ಕಿಚಕಿಚ, ಅವುಗಳ ಹಿಕ್ಕೆಯ ಘಾಟು.

ಇಲ್ಲಿ ಕೂಗಿದರೆ ದನಿ ಮಾರ್ದನಿಯಾಗಿ ಮರಳುತ್ತದೆ ಎಂದು ಮಂಡ್ಯ ಬಾಯಿ ತೆರೆದ. ಶಿರಸಿ ಅವನ ಬಾಯಿಗೆ ಕೈ ಅಡ್ಡ ಹಿಡಿದು ಮೇಲೆ ತೋರಿಸಿದ. ಬಂಡೆಯ ನೆತ್ತಿಯ ಕೆಳಗೆ ಮುಖ ಮಾಡಿ ನೇತಾಡುತ್ತಿದ್ದವು ಹೆಜ್ಜೇನಿನ ಗೂಡುಗಳು, ಒಂದೆರಡಲ್ಲ, ಸಾಲುಸಾಲು. ಗದ್ದಲ, ಹೊಗೆ, ಘಾಟು ಸೆಂಟು ಯಾವುದೂ ಹೆಜ್ಜೇನಿಗೆ ಆಗದು. ಅಲ್ಲಿ ಓಡಲು ಜಾಗವಿಲ್ಲ. ಮಂಡ್ಯ ಆಮೇಲೆ ಅರ್ಧ ಗಂಟೆ ಪಿಸುಮಾತಿನಲ್ಲೇ ಮಾತಾಡಿದ. ಹಾಸ್ಟೆಲ್ ವಾರ್ಡನ್‌ಗೂ ಸಾಧ್ಯವಾಗದ್ದನ್ನು ಜೇನುಹುಳ ಮಾಡಿ ತೋರಿಸಿತು.

‘ನಮ್ಮೂರ ಮಂದಾರ ಹೂವೇ’ ಸಿನಿಮಾ ನೋಡಿದವರಿಗೆ ಈ ಜಾಗ ಗೊತ್ತು. ಸುನೀಲ್ ಕುಮಾರ್ ದೇಸಾಯಿ ನಿರ್ದೇಶನದ ಆ ಚಿತ್ರದ ಚಿತ್ರೀಕರಣ ಇಲ್ಲಿ ನಡೆದ ಮೇಲೆ ಯಾಣಕ್ಕೆ ಬರುವವರ ಸಂಖ್ಯೆ ಹೆಚ್ಚಾಯಿತು ಎಂದು ಈಗಲೂ ಹೇಳುತ್ತಾರೆ. ನಾವಿನ್ನೂ ಹುಟ್ಟಿರದ ಕಾಲದ ಸಿನಿಮಾ. ಆದರೆ ಅಪ್ಪ ಅಮ್ಮನ ಬಾಯಲ್ಲಿ ಅದರ ಹಾಡು ಕೇಳಿ ಬೆಳೆದಿದ್ದೇವೆ. ಬಂದವರಲ್ಲಿ ಕೆಲವರು ಬಂಡೆಯ ಮೇಲೆ ಹೆಸರು ಕೆತ್ತಿಯೂ ಹೋಗಿದ್ದಾರೆ. ಹೃದಯದ ಚಿತ್ರ, ನಡುವೆ ಬಾಣ. ಆ ಪ್ರೀತಿ ಉಳಿದಿದೆಯೋ ಇಲ್ಲವೋ, ಗಾಯವಂತೂ ಉಳಿದಿದೆ.

ಅಲ್ಲಿಂದ ಹೊರಬರುವಾಗ ಹಳ್ಳದಲ್ಲಿ ಕಾಲು ಇಳಿಬಿಟ್ಟು ಕುಳಿತೆವು. ಇದು ಚಂಡಿ ಹೊಳೆ. ಇಲ್ಲಿಂದ ಹರಿದು ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಯನ್ನು ಸೇರುತ್ತದೆ. ಮೊಣಕಾಲುದ್ದ ನೀರು. ಪುಟ್ಟ ಮೀನುಗಳು ಬಂದು ಬೆರಳು ಕಚ್ಚಿ ಹೋಗುತ್ತಿದ್ದವು. ‘ಇದಕ್ಕೆ ಮಾಲ್‌ನಲ್ಲಿ ದುಡ್ಡು ಕೊಡ್ತಾರ ಲೇ’ ಎಂದ ರಾಯಚೂರು. ಅವನು ಮೊಣಕಾಲುದ್ದ ನೀರಿನಲ್ಲೂ ಬಂಡೆಯನ್ನು ಒಂದು ಕೈಯಲ್ಲಿ ಹಿಡಿದೇ ಕುಳಿತಿದ್ದ.

<b>ಜಗುಲಿಯ ಮೇಲಿನ ಪ್ರಶ್ನೆ</b>

ಆ ರಾತ್ರಿ ಅನ್ನ, ತಂಬುಳಿ, ಅಪ್ಪೆಹುಳಿ ಉಂಡು ಜಗುಲಿಯ ಮೇಲೆ ಉರುಳಿಕೊಂಡಿದ್ದೆವು. ದೊಡ್ಡಪ್ಪ ಕವಳ ಹಾಕುತ್ತಾ ಶಿರಸಿಯನ್ನು ಕೇಳಿದರು, ‘ಮಾಣಿ, ಇವಕ್ಕೆಲ್ಲ ಈಜು ಬತ್ತಾ?’

ಪ್ರಶ್ನೆ ಅವನಿಗೆ, ಉತ್ತರ ನಮ್ಮದು. ಮಂಡ್ಯ ಮೊದಲು ಎದೆಯುಬ್ಬಿಸಿದ. ಅವನು ವಿ.ಸಿ. ನಾಲೆಯಲ್ಲಿ ಬೆಳೆದವನು. ಗದಗ ತನ್ನೂರಿನ ಬಾವಿಗೆ ಎಷ್ಟು ಎತ್ತರದಿಂದ ಹಾರುತ್ತಿದ್ದ ಎಂಬುದನ್ನು ವಿವರಿಸಿದ. ಶಿರಸಿ ಹೊಳೆಯ ಹುಡುಗ. ಮುಂದಿನ ಸರದಿ ರಾಯಚೂರಿನದು. ಹುಡುಗರ ಗುಂಪಿನಲ್ಲಿ ಇಂಥ ಸರದಿ ಹೇಗಿರುತ್ತದೆ ಎಂದು ಓದುಗ ಗೆಳೆಯರಿಗೆ ಹೇಳಬೇಕಿಲ್ಲ. ಮೂರು ಜನ ‘ಬರುತ್ತೆ’ ಅಂದ ಮೇಲೆ ನಾಲ್ಕನೆಯವನ ಬಾಯಲ್ಲಿ ‘ಸ್ವಲ್ಪ ಸ್ವಲ್ಪ’ ಎಂಬ ಮಾತು ತಾನಾಗಿಯೇ ಬರುತ್ತದೆ. ಆ ‘ಸ್ವಲ್ಪ ಸ್ವಲ್ಪ’ಕ್ಕೆ ಏನೂ ಅರ್ಥವಿಲ್ಲ, ಮರ್ಯಾದೆ ಉಳಿಸಿಕೊಳ್ಳುವುದು ಬಿಟ್ಟು.

ರಾಯಚೂರು ಹಾಗೆ ಹೇಳಲಿಲ್ಲ. ‘ನಂಗ ಈಜಾಕ ಬರಂಗಿಲ್ಲ ದೊಡ್ಡಪ್ಪಾರ’ ಎಂದ. ‘ಕೃಷ್ಣಾ, ತುಂಗಭದ್ರಾ ಎರಡು ಹೊಳಿ ನಡುವಿನ ಜಿಲ್ಲಾದಾವ ನಾನು. ಆದ್ರ ಕಾಲುವಿ ದಂಡಿಗೂ ನಮ್ಮವ್ವ ಬಿಡ್ತಿರಲಿಲ್ಲ. ಒಟ್ಟ ಬರಂಗಿಲ್ಲ.’

ಗದಗ ನಗಲು ಶುರು ಮಾಡಿದ. ದೊಡ್ಡಪ್ಪ ನಗಲಿಲ್ಲ. ‘ಭೇಷ್’ ಎಂದರು. ಅವರ ಭೇಷ್‌ನಿಂದ ಧೈರ್ಯ ಬಂದು ನಾನೂ ಹೇಳಿದೆ, ನನಗೆ ನಿಂತ ನೀರಿನಲ್ಲಿ ಬರುತ್ತದೆ, ಹರಿಯುವ ನೀರಿನ ಅಭ್ಯಾಸವಿಲ್ಲ ಎಂದು.

ಆಮೇಲೆ ಅವರು ಒಂದು ಸಂಗತಿ ಹೇಳಿದರು. ಹಲವು ವರ್ಷಗಳ ಹಿಂದೆ ಇನ್ನೊಂದು ಹೊಳೆಯ ಹೊಂಡದಲ್ಲಿ ನಮ್ಮದೇ ವಯಸ್ಸಿನ ಹುಡುಗನೊಬ್ಬ ಮುಳುಗಿದ್ದ. ಊರವರೆಲ್ಲ ಸೇರಿ ತೆಗೆದು ಕಂಬಳಿಯಲ್ಲಿ ಹೊತ್ತು ತಂದರು. ಹೊತ್ತವರಲ್ಲಿ ದೊಡ್ಡಪ್ಪನೂ ಒಬ್ಬರು. ‘ದಾರಿಯುದ್ದಕ್ಕೂ ಅವನ ಚೀಲದಲ್ಲಿ ಫೋನು ಬಡ್ಕೋತಿತ್ತು. ತೆಗೆದು ಮಾತಾಡಲು ನಮ್ಮಲ್ಲಿ ಒಬ್ಬರಿಗೂ ಎದೆ ಬರಲಿಲ್ಲ’ ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಆಮೇಲೆ ಮೂರು ಮಾತು ಹೇಳಿದರು. ಒಂದು, ಹೊಂಡಕ್ಕೆ ಹೋದಾಗ ಒಬ್ಬ ದಂಡೆಯ ಮೇಲೇ ಇರಬೇಕು, ಅವನು ಫೋನ್ ನೋಡಬಾರದು, ನೀರಿನಲ್ಲಿರುವ ತಲೆಗಳನ್ನು ಎಣಿಸುತ್ತಿರಬೇಕು. ಎರಡು, ಆಳ ಅಳೆಯದೆ ಹಾರಬಾರದು. ಮೂರು, ಯಾರಾದರೂ ಮುಳುಗಿದರೆ ಬರಿಗೈಯಲ್ಲಿ ಹಿಂದೆ ಹಾರಬಾರದು. ಮುಳುಗುವವನು ಕೈಗೆ ಸಿಕ್ಕವನನ್ನೇ ತಬ್ಬಿ ಕೆಳಗೆ ಒಯ್ಯುತ್ತಾನೆ. ಏನನ್ನಾದರೂ ಎಸೆಯಬೇಕು.

ಬೆಳಿಗ್ಗೆ ಹೊರಡುವಾಗ ದೊಡ್ಡಪ್ಪ ಕೊಟ್ಟಿಗೆಯಿಂದ ಒಂದು ಉದ್ದನೆಯ ನೈಲಾನ್ ಹಗ್ಗ ತಂದರು. ಅದರ ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಮುಚ್ಚಳ ಬಿಗಿದು ಕಟ್ಟಿದ್ದರು. ಹಿಂದೆ ಹಳ್ಳಿಗಳಲ್ಲಿ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಈಗ ಅದರ ಜಾಗಕ್ಕೆ ಪ್ಲಾಸ್ಟಿಕ್ ಕ್ಯಾನು ಬಂದಿದೆ. ‘ಏನ್ಲಾ ಇದು, ನೀರು ಸೇದೋಕೆ ಓಯ್ತಾ ಇದೀವಾ?’ ಎಂದು ಮಂಡ್ಯ ಗೊಣಗಿದ. ಇನ್‌ಸ್ಟಾಗ್ರಾಂ ಚಿತ್ರದಲ್ಲಿ ಎಣ್ಣೆ ಕ್ಯಾನು ಚೆನ್ನಾಗಿ ಕಾಣುವುದಿಲ್ಲ ಎಂಬುದು ಅವನ ಚಿಂತೆ. ರಾಯಚೂರು ಮಾತಾಡದೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

<b>ಎಂಟು ಅಡಿ ಆರು ಅಡಿಯಾಗುವ ಲೆಕ್ಕ</b>

ವಿಭೂತಿ ಜಲಪಾತ ಯಾಣದ ಆಚೆ, ಅಂಕೋಲಾ ತಾಲ್ಲೂಕಿನ ಮಾಬಗಿ ಹತ್ತಿರ. ವಾಹನ ಇಳಿದು ಕಾಡಿನಲ್ಲಿ ಸ್ವಲ್ಪ ದೂರ ನಡೆದರೆ ಮೊದಲು ಸದ್ದು, ಆಮೇಲೆ ತುಂತುರು, ಆಮೇಲೆ ನೀರು. ಸುಣ್ಣದ ಕಲ್ಲಿನ ಮೇಲೆ ಹಂತಹಂತವಾಗಿ ಜಾರಿ ಇಳಿಯುವ ಬಿಳಿ ನೀರು ಹಣೆಯ ಮೇಲಿನ ವಿಭೂತಿ ಪಟ್ಟೆಯಂತೆಯೇ ಕಾಣುತ್ತದೆ. ಬುಡದಲ್ಲಿ ಹಸಿರು ಗಾಜಿನಂಥ ಹೊಂಡ. ಕಾಂಕ್ರೀಟಿಲ್ಲ, ಟೈಲ್ಸಿಲ್ಲ, ಕ್ಲೋರಿನ್ ವಾಸನೆಯಿಲ್ಲ. ನೀರೇ ಕೊರೆದು, ನೀರೇ ತುಂಬಿಕೊಂಡ ಈಜುಕೊಳ.

‘ತಳ ಕಾಣಾಕತ್ತೈತಿ, ಎದಿಮಟ್ಟ ಇರಬೇಕು, ಜಿಗದ ಬಿಡೂಣು’ ಎಂದ ಗದಗ. ನಾನು ಹಗ್ಗದ ಇನ್ನೊಂದು ತುದಿಗೆ ಕಲ್ಲು ಕಟ್ಟಿ, ನೀರಿನ ಮೇಲೆ ಚಾಚಿದ ಬಂಡೆಯಿಂದ ಇಳಿಬಿಟ್ಟೆ. ಕಲ್ಲು ತಳ ಮುಟ್ಟಿದ ಮೇಲೆ ಒದ್ದೆಯಾದ ಹಗ್ಗವನ್ನು ಎಳೆದು ಗದಗನ ಪಕ್ಕ ಹಿಡಿದರೆ, ಎದೆಮಟ್ಟ ಎಂದವನ ನೆತ್ತಿ ದಾಟಿತ್ತು.

ಇದು ಪಿಯುಸಿಯ ಭೌತವಿಜ್ಞಾನ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಹಾಗಾಗಿ ನೇರ ಮೇಲಿಂದ ನೋಡಿದಾಗ ತಿಳಿನೀರಿನ ತಳ ನಿಜವಾದ ಆಳದ ಮುಕ್ಕಾಲು ಭಾಗದಲ್ಲೇ ಇರುವಂತೆ ಕಾಣುತ್ತದೆ. 8 ಅಡಿ ಆಳ 6 ಅಡಿಯಂತೆ ತೋರುತ್ತದೆ. ದಂಡೆಯಲ್ಲಿ ನಿಂತು ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಹೊಂಡ ಎಷ್ಟು ತಿಳಿಯಾಗಿದೆಯೋ ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತದೆ. ಇನ್ನೊಂದು ಮೋಸ ಧಾರೆಯ ಬುಡದಲ್ಲಿದೆ. ಅಲ್ಲಿ ನೀರಿನ ತುಂಬ ಗಾಳಿಯ ಗುಳ್ಳೆ. ಗುಳ್ಳೆ ತುಂಬಿದ ನೀರಿಗೆ ಸಾಂದ್ರತೆ ಕಡಿಮೆ, ಸಾಂದ್ರತೆ ಕಡಿಮೆಯಾದರೆ ಮೈಯನ್ನು ಎತ್ತಿ ಹಿಡಿಯುವ ಬಲವೂ ಕಡಿಮೆ. ಜೊತೆಗೆ ಮೇಲಿಂದ ಬೀಳುವ ನೀರು ಕೆಳಕ್ಕೆ ಒತ್ತುತ್ತದೆ. ಬೇರೆ ಕಡೆ ಆರಾಮಾಗಿ ತೇಲುವವನೂ ಅಲ್ಲಿ ಏದುಸಿರು ಬಿಡುತ್ತಾನೆ.

ನಾವು ಹೊಂಡದ ಹೊರಹರಿವಿನ ಕಡೆ, ಸೊಂಟದುದ್ದ ನೀರಿರುವಲ್ಲಿ ಇಳಿದೆವು. ಮಂಡ್ಯ ಮತ್ತು ಶಿರಸಿ ಅದರಾಚೆ ಈಜಿದರು, ಧಾರೆಯ ಬುಡಕ್ಕೆ ಹೋಗಲಿಲ್ಲ. ರಾಯಚೂರು ಮೊಣಕಾಲುದ್ದ ನೀರಿನಲ್ಲಿ ಮಿಂದು ಎದ್ದು, ಒಂದು ಒಣ ಬಂಡೆಯ ಮೇಲೆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಆಗಾಗ ‘ಒಂದು, ಎರಡು, ಮೂರು, ನಾಲ್ಕು’ ಎಂದು ಕೂಗಿ ಎಣಿಸುತ್ತಿದ್ದ. ಕನ್ನಡ ಶಾಲೆಯ ಪಿ.ಟಿ. ಮಾಸ್ತರರಂತೆ ಇದ್ದ.

<b>ಸದ್ದಿಲ್ಲದ ಅರ್ಧ ನಿಮಿಷ</b>

ಸುಮಾರು ಹನ್ನೊಂದು ಗಂಟೆಗೆ ಇನ್ನೊಂದು ಗುಂಪು ಬಂತು. ಆರು ಹುಡುಗರು, ನಮ್ಮದೇ ವಯಸ್ಸು. ಕೈಯಲ್ಲೊಂದು ಸ್ಪೀಕರ್. ಬಂದವರೇ ಪಕ್ಕದ ಪಾಚಿಗಟ್ಟಿದ ಬಂಡೆ ಹತ್ತಿದರು. ‘ಆಳ ಇದೆ, ಅಲ್ಲಿಂದ ಬೇಡ’ ಎಂದು ಶಿರಸಿ ಕೂಗಿ ಹೇಳಿದ. ಒಬ್ಬ ಕೈ ಬೀಸಿ, ಹಾರಿ, ಈಜಿ ಮೇಲೆ ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯವನು ಬಂಡೆಯ ತುದಿಯಲ್ಲಿ ಹಿಂದೆ ಮುಂದೆ ನೋಡುತ್ತಿದ್ದ. ಕೆಳಗಿನವರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಹಾರಿದನೋ ಜಾರಿದನೋ ನನಗೆ ಈಗಲೂ ಖಚಿತವಿಲ್ಲ.

ಒಮ್ಮೆ ಮೇಲೆ ಬಂದ. ಧಾರೆಯ ಹತ್ತಿರ. ಮತ್ತೆ ಒಳಗೆ ಹೋದ. ಮತ್ತೆ ಮೇಲೆ ಬಂದಾಗ ತಲೆ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು. ಸಿನಿಮಾದಲ್ಲಿ ತೋರಿಸುವಂತೆ ‘ಕಾಪಾಡಿ’ ಎಂದು ಕೂಗಲಿಲ್ಲ. ಮುಳುಗುವವನಿಗೆ ಉಸಿರು ಎಳೆದುಕೊಳ್ಳಲೇ ಪುರುಸೊತ್ತಿರುವುದಿಲ್ಲ, ಕೂಗಲು ಎಲ್ಲಿಂದ ಬರಬೇಕು? ಅವನ ಗೆಳೆಯರು ನಗುತ್ತಾ ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಿದ್ದರು. ಆಟ ಆಡುತ್ತಿದ್ದಾನೆ ಎಂದುಕೊಂಡಿದ್ದರು.

ಮೊದಲು ಎದ್ದವನು ರಾಯಚೂರು. ಆ ಹೊಂಡದ ಸುತ್ತ ಇದ್ದ ಹನ್ನೊಂದು ಜನರಲ್ಲಿ ಬೇರೇನೂ ಮಾಡದೆ ನೀರನ್ನಷ್ಟೇ ನೋಡುತ್ತಿದ್ದವನು ಅವನೊಬ್ಬ. ‘ಆಂವ ಮುಳಗಾಕತ್ಯಾನ!’ ಎಂದು ಕೂಗಿ ಬಂಡೆಯ ಅಂಚಿಗೆ ಓಡಿ ಕ್ಯಾನು ಎಸೆದ. ಮೊದಲ ಸಲ ಅರ್ಧಕ್ಕೇ ಬಿತ್ತು. ಸರಸರನೆ ಎಳೆದುಕೊಂಡು ಮತ್ತೆ ಎಸೆದ. ಕ್ಯಾನು ಆ ಹುಡುಗನ ಹೆಗಲು ದಾಟಿ ಬಿತ್ತು, ಹಗ್ಗ ಅವನ ಎದೆಗೆ ತಾಗಿತು. ಅವನು ಹಿಡಿದ ಹಿಡಿತ ಹೇಗಿತ್ತೆಂದರೆ, ರಾಯಚೂರು ಎರಡು ಹೆಜ್ಜೆ ಮುಂದಕ್ಕೆ ಜಾರಿದ. ಅಷ್ಟರಲ್ಲಿ ಗದಗ ಮತ್ತು ನಾನು ಮೇಲೆ ಹತ್ತಿ ಹಗ್ಗ ಹಿಡಿದಿದ್ದೆವು. ಬಂಡೆಯ ಕೊರಕಲಿಗೆ ಪಾದ ಒತ್ತಿ, ಕಾಲೇಜಿನ ಹಗ್ಗಜಗ್ಗಾಟದಂತೆ ಹಿಂದಕ್ಕೆ ವಾಲಿ ಎಳೆದೆವು. ಆಳ ಕಡಿಮೆ ಇರುವಲ್ಲಿಗೆ ಬಂದ ಮೇಲೆ ಶಿರಸಿ ಮತ್ತು ಮಂಡ್ಯ ಅವನ ತೋಳು ಹಿಡಿದು ಮೇಲೆ ತಂದರು.

ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು, ಒಂದು ನಿಮಿಷ ಇರಬಹುದು. ಸ್ಪೀಕರ್‌ನಲ್ಲಿ ಅದೇ ಹಾಡು ಇನ್ನೂ ಮುಗಿದಿರಲಿಲ್ಲ.

ಶಿರಸಿ ಅವನನ್ನು ಪಕ್ಕಕ್ಕೆ ಹೊರಳಿಸಿದ. ಕೆಮ್ಮಿದ, ನೀರು ಕಾರಿದ, ಅತ್ತ. ಉಸಿರಾಡುತ್ತಿದ್ದ. ‘ಏನೂ ಆಗಿಲ್ಲ, ಆರಾಮಿದೀನಿ’ ಎಂದು ಸ್ವಲ್ಪ ಹೊತ್ತಿಗೆ ಎದ್ದು ಕುಳಿತನಾದರೂ, ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ತೊಂದರೆ ಕೆಲವು ಗಂಟೆಗಳ ಮೇಲೂ ಕಾಣಿಸಿಕೊಳ್ಳಬಹುದು, ಡಾಕ್ಟರಿಗೆ ತೋರಿಸಲೇಬೇಕು ಎಂದು ಒತ್ತಾಯಿಸಿ ಅವರ ಕಾರಿನಲ್ಲೇ ಆಸ್ಪತ್ರೆಗೆ ಕಳುಹಿಸಿದೆವು. ಸಂಜೆ ಅವರಲ್ಲೊಬ್ಬ ಫೋನ್ ಮಾಡಿ ಹುಡುಗ ಚೆನ್ನಾಗಿದ್ದಾನೆ ಎಂದ.

ಆದರೆ ಅವರು ಹೊರಡುವಾಗ ಆಡಿದ ಒಂದು ಮಾತು ನಮ್ಮ ಜೊತೆ ಹುಬ್ಬಳ್ಳಿಯವರೆಗೂ ಬಂತು. ನಡುಗುತ್ತಿದ್ದ ಒಬ್ಬ ಗೆಳೆಯ ಹೇಳಿದ, ‘ಮೂರು ವರ್ಷದಿಂದ ಒಂದೇ ರೂಮಲ್ಲಿದೀವಿ. ಇವನಿಗೆ ಈಜು ಬರಲ್ಲ ಅಂತ ನಮಗೆ ಗೊತ್ತೇ ಇರಲಿಲ್ಲ.’

<b>ಸೊಕ್ಕು ಅಂದರೆ ಯಾವುದು?</b>

ವಾಪಸ್ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಆ ಹುಡುಗನಿಗೂ ರಾಯಚೂರಿಗೂ ಇದ್ದ ವ್ಯತ್ಯಾಸ ಎಷ್ಟು ಎಂದು ನಾನು ಯೋಚಿಸುತ್ತಿದ್ದೆ. ಇಬ್ಬರಿಗೂ ಈಜು ಬರುವುದಿಲ್ಲ. ಒಬ್ಬ ಅದನ್ನು ಜಗುಲಿಯ ಮೇಲೆ ನಾಲ್ಕು ಜನರ ಮುಂದೆ ಹೇಳಿದ. ಇನ್ನೊಬ್ಬನಿಗೆ ಹೇಳುವ ಅವಕಾಶವೇ ಸಿಗಲಿಲ್ಲವೇನೋ, ಅವನ ಗುಂಪಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ‘ಬರಲ್ಲ’ ಎಂದರೆ ನಗದಂಥ ಗೆಳೆಯರು ಇದ್ದರೆ ತಾನೇ ‘ಬರಲ್ಲ’ ಎನ್ನಲು ಬಾಯಿ ಬರುವುದು?

ನಮ್ಮ ವಯಸ್ಸಿನವರಿಗೆ ಈ ಮಾತು ಕಷ್ಟದ್ದು. ಇಂಟರ್‌ವ್ಯೂಗೆ ತಯಾರಾಗುವಾಗ ಯಾವುದಕ್ಕೂ ಇಲ್ಲ ಎನ್ನಬೇಡಿ, ಆತ್ಮವಿಶ್ವಾಸ ತೋರಿಸಿ ಎಂಬ ಸಲಹೆಯೇ ಎಲ್ಲೆಡೆ ಸಿಗುತ್ತದೆ. ರೆಸ್ಯೂಮೆಯಲ್ಲಿ ಒಂದು ವಾರ ನೋಡಿದ ಸಾಫ್ಟ್‌ವೇರಿನ ಮುಂದೆಯೂ ‘ಪರಿಣತ’ ಎಂದು ಬರೆಯುತ್ತೇವೆ. ಅಲ್ಲಿ ಸಿಕ್ಕಿಬಿದ್ದರೆ ಹೆಚ್ಚೆಂದರೆ ಒಂದು ಕೆಲಸ ಹೋಗುತ್ತದೆ. ಹೊಂಡದಲ್ಲಿ ಹಾಗಲ್ಲ. ಭಸ್ಮಾಸುರನಿಗಾದರೂ ವರ ಇತ್ತು, ನಮಗೆ ಅದೂ ಇಲ್ಲ.

ಇದನ್ನು ಓದಿ ಯಾರೂ ಪ್ರವಾಸ ಬಿಡಬೇಡಿ. ಹೋಗಿ, ಖಂಡಿತ ಹೋಗಿ. ಬಸ್ಸು, ಓಮ್ನಿ, ದಾರಿಯ ಚಹಾ ಎಲ್ಲ ಸೇರಿ ನಮಗೆ ಆದದ್ದು ತಲೆಗೆ 900 ರೂಪಾಯಿ. ಮಳೆಗಾಲದಲ್ಲಿ ಇಂಬಳ, ಜಾರುವ ಕಲ್ಲು, ಹೇಳದೆ ಏರುವ ನೀರು. ಮೇಲಿನ ಕಾಡಿನಲ್ಲಿ ಮಳೆ ಸುರಿದರೆ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಳ್ಳ ಏರಬಹುದು, ನೀರು ಕದಡಿ ಕೆಂಪಾದರೆ ಕೂಡಲೇ ಮೇಲೆ ಬನ್ನಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಗುಹೆಗೆ ಟಾರ್ಚ್ ಇರಲಿ, ಹೆಜ್ಜೇನಿನ ಕೆಳಗೆ ಬಾಯಿಗೆ ಬೀಗ ಇರಲಿ. ಕಾಡಿನಲ್ಲಿ ಫೋನ್ ಸಿಗ್ನಲ್ ನಂಬಬೇಡಿ, ಹೋಗುವ ಜಾಗ, ಮರಳುವ ಹೊತ್ತು ಮನೆಯಲ್ಲಿ ಹೇಳಿ ಹೋಗಿ. ಊರಿನವರು ‘ಅಲ್ಲಿ ಬೇಡ’ ಎಂದರೆ ಅಲ್ಲಿ ಬೇಡ, ಅಷ್ಟೇ. ಮತ್ತು ಬ್ಯಾಗಿನಲ್ಲಿ ಒಂದು ಹಗ್ಗ, ಒಂದು ಖಾಲಿ ಕ್ಯಾನು. ಟ್ರೈಪಾಡ್‌ಗಿಂತ ಹಗುರ.

ಹೊರಡುವ ಮೊದಲು ಆ ಒಂದು ಪ್ರಶ್ನೆ ಕೇಳಿ: ‘ಯಾರಿಗೆ ಈಜು ಬರಲ್ಲ?’ ಕೇಳಿದ ಮೇಲೆ ನಗಬೇಡಿ.

ದೊಡ್ಡಪ್ಪನ ಹಗ್ಗ ನಮ್ಮ ಹಾಸ್ಟೆಲ್ ರೂಮಿನ ಮೊಳೆಯಲ್ಲಿ ನೇತಾಡುತ್ತಿದೆ. ಮರಳಿಸಲು ಹೋದರೆ, ‘ಇಟ್ಕೊಳ್ಳಿ, ಇನ್ನೂ ಬಹಳ ಕಡೆ ಹೋಗುವವರು ನೀವು’ ಎಂದರು. ಈಗ ಭಾನುವಾರ ಬೆಳಿಗ್ಗೆ ರಾಯಚೂರು ಕ್ಯಾನನ್ನು ಬೆನ್ನಿಗೆ ಬಿಗಿದುಕೊಂಡು ಈಜುಕೊಳಕ್ಕೆ ಇಳಿಯುತ್ತಾನೆ. ಮಂಡ್ಯ ಗುರು. ಮೂರು ವಾರದಲ್ಲಿ ನಾಲ್ಕು ಮಾರು ದಾಟಿದ್ದಾನೆ. ನೀರು ಮೂಗಿಗೆ ಹೋದಾಗಲೆಲ್ಲ ರಾಯಚೂರು ಕನ್ನಡದ ಅಷ್ಟೂ ಬೈಗುಳ ಮಂಡ್ಯನ ಮೇಲೆ ಸುರಿಯುತ್ತಾನೆ. ದಂಡೆಯ ಮೇಲೆ ಕುಳಿತು ತಲೆ ಎಣಿಸುವ ಕೆಲಸ ಸದ್ಯಕ್ಕೆ ನನ್ನದು.